ಯಾರ ಪಾಲಿಗೂ ಬಾರದ ಗೊಲ್ಲಾಳಪ್ಪ

ಜಗಳ ಹುಟ್ಟಿದ್ದು ಹಾಲು ಕಾಸಿದ ಗಡಿಗೆಯ ತಳದಿಂದ. ತಳಕ್ಕೆ ಹತ್ತಿದ್ದ ಕೆನೆಯನ್ನು ಕೆರೆದು ತಿನ್ನುವ ಹಕ್ಕು ತನ್ನದೆಂದು ಒಂಬತ್ತು ವರ್ಷದ ಮಲಕವ್ವ ಹೇಳಿದಳು, ತನ್ನದೆಂದು ಏಳು ವರ್ಷದ ಅಮೋಘಿ ಹೇಳಿದ. ಅಕ್ಕ ತಮ್ಮನ ಕೂದಲು ಹಿಡಿದಳು, ತಮ್ಮ ಅಕ್ಕನ ಮುಂಗೈ ಕಚ್ಚಿದ. ಇಬ್ಬರ ನಡುವಿನಿಂದ ಜಾರಿದ ಗಡಿಗೆ ಉರುಳುತ್ತ ಹೋಗಿ, ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಅವರಪ್ಪ ಗೊಲ್ಲಾಳಪ್ಪನ ಕಾಲಿಗೆ ಬಡಿದು ಒಡೆಯಿತು. ಮಕ್ಕಳು ಓಡಿ ಬಂದವು. ಕೆನೆ ಯಾವ ಚೂರಿಗೆ ಎಷ್ಟು ಹತ್ತಿದೆ ಎಂದು ನೋಡಿದವು. ಅಪ್ಪನ ಕಾಲಿಗೆ ಏನಾಗಿದೆ ಎಂದು ನೋಡಲಿಲ್ಲ.

ಗೊಲ್ಲಾಳಪ್ಪ ಕಂಬಳಿ ವ್ಯಾಪಾರಿ. ಹೆಗಲ ಮೇಲೆ ಕಂಬಳಿಯ ಹೊರೆ ಹೊತ್ತು ತಿಕೋಟಾ ಸಂತೆ, ಬಬಲೇಶ್ವರ ಸಂತೆ, ನಡುವೆ ಘೋಣಸಗಿಯಂಥ ಹಳ್ಳಿಗಳು ಎಂದು ತಿರುಗುವ ಅವನಿಗೆ ವಿಜಾಪುರದ ಅಥಣಿ ರಸ್ತೆಯ ತನ್ನ ಮನೆ ಸಿಗುತ್ತಿದ್ದುದು ವಾರಕ್ಕೊಂದು ದಿನ. ಉಳಿದ ದಿನ ಕಂಡವರ ಕಟ್ಟೆಯ ಮೇಲೆ ಮಲಗಿ ಅವನು ಬಯಸುತ್ತಿದ್ದುದು ಒಂದೇ. ಮನೆಗೆ ಹೋದ ಕೂಡಲೇ ಮಕ್ಕಳು ಓಡಿ ಬರಬೇಕು, ಅಪ್ಪನ ಮಗ್ಗುಲಿಗೆ ನಾ ಕೂಡತೀನಿ ನಾ ಕೂಡತೀನಿ ಎಂದು ಜಗಳಾಡಬೇಕು. ಜಗಳಕ್ಕೇನೂ ಕೊರತೆ ಇರಲಿಲ್ಲ. ಕಿಟಕಿಗೆ ಜಗಳ, ಆಡಿನ ಮರಿಗೆ ಜಗಳ, ಅವ್ವನ ಮಗ್ಗುಲಿಗೆ ಜಗಳ. ಅವನು ತಂದ ಸಕ್ಕರೆಯ ಬೆತ್ತಾಸಿಗಂತೂ ಸರಿಯೇ, ಬೆತ್ತಾಸು ಕಟ್ಟಿದ್ದ ಕಾಗದಕ್ಕೂ ಕಚ್ಚಾಡುತ್ತಿದ್ದರು. ಆ ಕಾಗದಕ್ಕಿರುವ ಬೆಲೆ ತನಗಿಲ್ಲವಲ್ಲ ಎಂದು ಗೊಲ್ಲಾಳಪ್ಪನಿಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಆದರೆ ಇಂಥದ್ದನ್ನು ಗಂಡಸು ಯಾರ ಮುಂದೆ ಹೇಳಿಕೊಳ್ಳಬೇಕು?

ಹಿಂದಿನ ಸಂಜೆ ಮಾತ್ರ ಸ್ವಲ್ಪ ಬೇರೆಯಾಗಿತ್ತು. ಆವತ್ತು ಅವನು ಹಸಿರು ಸೈಕಲ್ಲೊಂದರ ಮೇಲೆ ಬಂದಿಳಿದಿದ್ದ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂಬ ಅಂಕಿ. ಮಕ್ಕಳಿಬ್ಬರೂ ಬಂದು ಅವನ ಎಡಕ್ಕೊಂದು ಬಲಕ್ಕೊಂದು ನಿಂತವು.

"ಯಪ್ಪಾ, ಇದು ನಮ್ದೇನ?" ಎಂದ ಅಮೋಘಿ.

ಗೊಲ್ಲಾಳಪ್ಪ ಮಗನ ತಲೆ ಸವರಿ, "ಮತ್ತ ಯಾರ ಮನಿ ಮುಂದ ನಿಂತೈತಿ?" ಎಂದ.

ಅವನ ಹೆಂಡತಿ ಸಕ್ರವ್ವ ಆ ಅಂಕಿಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ, ರೊಟ್ಟಿ ಬಡಿಯಲು ಒಳಗೆ ಹೋಗಿದ್ದಳು.

ಗಡಿಗೆ ಒಡೆದ ಸದ್ದಿಗೆ ಪಕ್ಕದ ಮನೆಯ ಭೀಮಾಬಾಯಿ ಗೋಡೆಯ ಮೇಲಿಂದ ತಲೆ ಹಾಕಿದಳು. ಓಣಿಯ ಉಸಾಬರಿಯೆಲ್ಲ ತನ್ನದೇ ಎಂದು ನಂಬಿದ ಮುದುಕಿ. ದೀಪಾವಳಿಯ ಸೂಟಿ ಶುರುವಾದಾಗಿನಿಂದ ಈ ಹುಡುಗರ ದೆಸೆಯಿಂದ ತನಗೆ ಮಧ್ಯಾಹ್ನದ ನಿದ್ದೆಯೇ ಇಲ್ಲವೆಂದೂ, ದೊಡ್ಡವರು ಜಗಳಾಡಿದರೆ ಆಸ್ತಿಯ ವಾಟ್ನಿ ಮಾಡುತ್ತಾರೆ, ಇವರಿಗೂ ಮನೆಯನ್ನು ಪಾಲು ಮಾಡಿ ಕೊಟ್ಟು ಕೈ ತೊಳೆದುಕೊಳ್ಳಬೇಕೆಂದೂ ಹೇಳಿದಳು. ಗೊಲ್ಲಾಳಪ್ಪ ನಕ್ಕ. ಅವನ ನಗೆ ಮುಗಿಯುವುದರೊಳಗೆ ಮುದುಕಿ ಎದುರು ಮನೆಯ ಶಿವಯೋಗೆಪ್ಪನನ್ನು ಕೂಗಿ ಕರೆದಾಗಿತ್ತು.

ಶಿವಯೋಗೆಪ್ಪ ಒಂದು ಕಾಲಕ್ಕೆ ಅರಕೇರಿಯ ಕಡೆ ಅಣ್ಣತಮ್ಮಂದಿರ ಮನೆ ಒಡೆದು ಪಾಲು ಹಚ್ಚಿ ಕೊಟ್ಟು ಹೆಸರು ಮಾಡಿದ ಹಿರಿಯ. ಪೇಟೆಗೆ ಬಂದ ಮೇಲೆ ಕರೆಯುವವರಿಲ್ಲದೆ ಕೈ ತುರಿಸುತ್ತಿತ್ತು. ರುಮಾಲು ಸುತ್ತಿಕೊಂಡೇ ಬಂದ. ಇದೆಲ್ಲ ತಮಾಷೆಗೆಂದು ಯಾರಾದರೂ ಹೇಳಬಹುದಿತ್ತು, ಆದರೆ ಆ ರುಮಾಲು ನೋಡಿ ಯಾರಿಗೂ ಬಾಯಿ ಬರಲಿಲ್ಲ.

"ಅಷ್ಟು ದೊಡ್ಡ ಮುಂಬಯಿ ರಾಜ್ಯನ ಈ ವರ್ಷ ಎರಡು ಪಾಲು ಮಾಡಿದ್ರು," ಎಂದು ಅವನು ಪಡಸಾಲೆಯಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತ. "ನಿಂದೇನು ಮಹಾ ಗೊಲ್ಲಾಳಪ್ಪಾ, ಎರಡು ಖೋಲಿ ಮನಿ."

ಬಾಗಿಲಿನಿಂದ ಹಿತ್ತಲಿನವರೆಗೆ ಸುಣ್ಣದ ಗೆರೆ ಬಿತ್ತು. ಒಲೆ ಮಲಕವ್ವನ ಕಡೆ ಹೋಯಿತು, ನೀರಿನ ಕೊಡ ಅಮೋಘಿಯ ಕಡೆ. ಕಿಟಕಿ ಅಕ್ಕನಿಗೆ, ಹೊಸ್ತಿಲು ತಮ್ಮನಿಗೆ. ಆಡಿನ ಮರಿ ತಮ್ಮನಿಗೆ, ಅದರ ಕೊರಳ ಗಂಟೆಯ ಸರ ಅಕ್ಕನಿಗೆ ಎಂದು ಭೀಮಾಬಾಯಿ ಸೂಚಿಸಿದಾಗ ಶಿವಯೋಗೆಪ್ಪ ಗದರಿಸಿದ. ಎತ್ತು ಯಾರಿಗೋ ಅದರ ಹಗ್ಗವೂ ಅವರಿಗೇ, ವಾಟ್ನಿಯಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ ಎಂದ. ಗಂಟೆಯೂ ಅಮೋಘಿಯ ಪಾಲಾಯಿತು. ಮಲಕವ್ವ ಅದರ ಸಿಟ್ಟಿಗೆ ತಮ್ಮನನ್ನು ಚಿವುಟಿದಳು, ಆದರೆ ಗೆರೆಯ ಈಚೆ ನಿಂತೇ ಚಿವುಟಿದ್ದರಿಂದ ತಪ್ಪಿಲ್ಲವೆಂದು ತೀರ್ಮಾನವಾಯಿತು.

ಗೊಲ್ಲಾಳಪ್ಪನಿಗೆ ಬಾಯಾರಿತು. ಕೊಡದ ಕಡೆ ಹೋದರೆ ತಂಬಿಗೆ ಅಕ್ಕನ ಪಾಲಿನದು, ಈ ಕಡೆ ತರಬಾರದು ಎಂದ ಅಮೋಘಿ. ತಂಬಿಗೆಯ ಕಡೆ ನಿಂತರೆ ಅಲ್ಲಿ ನೀರಿಲ್ಲ. ಗೆರೆಯ ಮೇಲೆ ನಿಲ್ಲೋಣವೆಂದರೆ ಗೆರೆ ಅಳಿಸುತ್ತದೆಂದು ಶಿವಯೋಗೆಪ್ಪನೇ ಬೈದ. ತನ್ನ ಮನೆಯಲ್ಲಿ ತನಗೇ ಕಾಲಿಡಲು ಜಾಗವಿಲ್ಲದೆ ಗೊಲ್ಲಾಳಪ್ಪ ಅಂಗಳಕ್ಕೆ ಇಳಿದು ನಿಂತ.

ಸಕ್ರವ್ವನ ವಿಷಯಕ್ಕೆ ದೊಡ್ಡ ಯುದ್ಧವೇ ಆಯಿತು. ಇಬ್ಬರೂ ಅವಳ ಸೀರೆ ಹಿಡಿದು ಎಳೆದರು. ಕೊನೆಗೆ ಮಧ್ಯಾಹ್ನದವರೆಗೆ ಮಗಳಿಗೆ, ಆಮೇಲೆ ಮಗನಿಗೆ, ರಾತ್ರಿ ನಡುವೆ ಮಲಗಬೇಕೆಂದು ಕಟ್ಟು ಮಾಡಿದರು. ತನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದು ಸಕ್ರವ್ವ ಲಟ್ಟಣಿಗೆ ತೋರಿಸಿದರೂ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಗೊಲ್ಲಾಳಪ್ಪ ಅಂಗಳದಿಂದ ಆಸೆಗಣ್ಣಿನಲ್ಲಿ ನೋಡಿದ. ಇನ್ನು ಉಳಿದವನು ತಾನೇ. ಅಂಗಿಯ ಗುಂಡಿ ಹಾಕಿಕೊಂಡು ಸ್ವಲ್ಪ ಮುಂದೆ ಬಂದು ನಿಂತ.

"ಇನ್ನ ಇಂವಾ ಉಳದಾನ," ಎಂದ ಶಿವಯೋಗೆಪ್ಪ. "ಅಪ್ಪ ಯಾರಿಗೆ?"

ಅಮೋಘಿ ಆಡಿನ ಮರಿಯ ಕಿವಿ ತಿಕ್ಕಿದ.

"ಅಕ್ಕಗ ಕೊಡ್ರಿ," ಎಂದ.

"ಬ್ಯಾಡ್ರಿ ಕಾಕಾ, ತಮ್ಮಗ ಇರ್ಲಿ," ಎಂದಳು ಮಲಕವ್ವ. "ಅಂವ ಸಣ್ಣಾವ."

ಹುಟ್ಟಿದಾಗಿನಿಂದ ಒಬ್ಬರಿಗೊಬ್ಬರು ಒಂದು ಕಡಲೆಕಾಳನ್ನೂ ಬಿಟ್ಟುಕೊಡದ ಮಕ್ಕಳು. ತನ್ನ ಜನ್ಮದಲ್ಲಿ ಇಷ್ಟು ದೊಡ್ಡ ಮನಸ್ಸಿನ ಪಾಲುದಾರರನ್ನು ನೋಡಿಲ್ಲವೆಂದು ಶಿವಯೋಗೆಪ್ಪ ತಲೆದೂಗಿದ. ದಾರಿ, ಬಾವಿಗಳನ್ನು ಬಿಡುವಂತೆ ಇವನನ್ನೂ ಇಬ್ಬರಿಗೂ ಸೇರಿದ ಸಾಮಾಯಿಕವೆಂದು ಬಿಡೋಣ, ಬೇಕಾದವರು ಬೇಕಾದಾಗ ಬಳಸಿಕೊಳ್ಳಲಿ ಎಂದ.

ಗೊಲ್ಲಾಳಪ್ಪ ನಗಲು ನೋಡಿದ, ಆಗಲಿಲ್ಲ. ಮಕ್ಕಳ ತಪ್ಪೇನೂ ಅಲ್ಲ, ವಾರದ ನೆಂಟನನ್ನು ಯಾರು ತಾನೇ ಪಾಲಿಗೆ ಹಾಕಿಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ನಾಳೆಯವರೆಗೆ ಯಾಕೆ, ಈಗಲೇ ಬಬಲೇಶ್ವರಕ್ಕೆ ಹೊರಡುತ್ತೇನೆ ಎನ್ನುತ್ತ ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದ.

ಆಗ ಅಮೋಘಿಗೆ ನೆನಪಾಯಿತು. "ಕಾಕಾ, ಸೈಕಲ್ ಯಾರಿಗೆ?"

"ಹಗ್ಗ ಎತ್ತಿನ ಸಂಗಾಟ ಹೋಗ್ತೈತಿ ಅಂತ ಆಗಳೇ ಹೇಳೀನಲ್ಲ," ಎಂದ ಶಿವಯೋಗೆಪ್ಪ. "ಅಪ್ಪ ಯಾರಿಗೋ ಸೈಕಲ್ಲೂ ಅವರಿಗೆ."

ಗೊಲ್ಲಾಳಪ್ಪ ಏನೋ ಹೇಳಲು ಬಾಯಿ ತೆರೆದ. ಹೇಳುವುದರೊಳಗೆ ಎಡತೋಳಿಗೆ ಮಲಕವ್ವ, ಬಲತೋಳಿಗೆ ಅಮೋಘಿ ಜೋತುಬಿದ್ದಿದ್ದರು.

"ಅಪ್ಪ ನನಗ ಬೇಕು."

"ನೀ ಬ್ಯಾಡ ಅಂದಿ, ಅಪ್ಪ ನನ್ನಾಂವ."

ತೆರೆದ ಬಾಯನ್ನು ಗೊಲ್ಲಾಳಪ್ಪ ಮುಚ್ಚಿಕೊಂಡ. ಓಣಿ ಅಂಥ ಜಗಳವನ್ನು ಕಂಡಿರಲಿಲ್ಲ. ಮಲಕವ್ವ ಅಪ್ಪನ ಸೊಂಟ ಸುತ್ತಿ ತಮ್ಮನನ್ನು ಒದ್ದಳು, ಅಮೋಘಿ ಅಪ್ಪನ ಹೊಟ್ಟೆ ಹತ್ತಿ ಅಕ್ಕನ ಜಡೆ ಎಳೆದ. ಒಂದು ಪೆಟ್ಟು ತಪ್ಪಿ ಗೊಲ್ಲಾಳಪ್ಪನ ಮೂಗಿಗೆ ಬಿತ್ತು. ಪರ್ ಎಂದು ಅಂಗಿಯ ಎಡತೋಳು ಹರಿಯಿತು, ಬೆನ್ನಿಗೇ ಬಲತೋಳೂ ಹರಿಯಿತು. ಭೀಮಾಬಾಯಿ ಬಿಡಿಸಲು ಬಂದರೆ, ಇರಲಿ ಬಿಡು ಅತ್ತೀ, ಹುಡುಗರು ಎಂದು ತಡೆದವನು ಅವನೇ. ಇದು ಸೈಕಲ್ಲಿನ ಜಗಳವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ನಾಲ್ಕು ಸಣ್ಣ ಕೈಗಳ ಬಿಸಿಗೆ ಅವನ ಕಣ್ಣು ತುಂಬಿದವು. ತಿಕೋಟಾದ ಕಟ್ಟೆಯ ಮೇಲೆ ಮಲಗಿ ಇದನ್ನೇ ಅಲ್ಲವೇ ಅವನು ಬೇಡಿದ್ದು.

ಅಷ್ಟರಲ್ಲಿ ಓಣಿಯ ತುದಿಯಿಂದ ಲಾಡಲೇಸಾಬ ಬಂದ. ಪೇಟೆಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟವನು.

"ಏನಪಾ ಗೊಲ್ಲಾಳಪ್ಪಾ, ಮುಂಜಾನಿ ತಂದು ಬಿಡ್ತೀನಿ ಅಂದಿದ್ದಿ. ಏಳನೇ ನಂಬರಿಗೆ ಗಿರಾಕಿ ಬಂದು ಕುಂತಾನ," ಎಂದು ಸೈಕಲ್ಲಿನ ಸ್ಟ್ಯಾಂಡು ಒದ್ದ.

ಎಡತೋಳು ಹಗುರಾಯಿತು. ಬಲತೋಳೂ ಹಗುರಾಯಿತು. ಮಕ್ಕಳು ಲಾಡಲೇಸಾಬನ ಎರಡು ಮಗ್ಗುಲಿಗೆ ಓಡಿದರು. ಅವನು ದೊಡ್ಡ ಮನಸ್ಸಿನವನು, ಮೂಲೆಯವರೆಗೆ ಬರ್ರಿ ಎಂದು ಒಬ್ಬನನ್ನು ಮುಂದಿನ ಕಂಬಿಯ ಮೇಲೆ, ಒಬ್ಬಳನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡ. ಮುಂದೆ ಯಾರು ಹಿಂದೆ ಯಾರು ಎಂದು ಜಗಳವೇ ಆಗಲಿಲ್ಲ.

ಶಿವಯೋಗೆಪ್ಪ ರುಮಾಲು ಸರಿಪಡಿಸಿಕೊಂಡು ಮನೆಗೆ ಹೋದ. ಅಂತೂ ಮನೆ ತಣ್ಣಗಾಯಿತಲ್ಲಪಾ ಎಂದು ಭೀಮಾಬಾಯಿ ನಿದ್ದೆಗೆ ಹೋದಳು. ಗೊಲ್ಲಾಳಪ್ಪ ಆ ತಣ್ಣಗಿನ ಮನೆಯ ಬಾಗಿಲಲ್ಲಿ, ಎರಡೂ ಕಡೆ ಜೋತಾಡುವ ತೋಳುಗಳೊಡನೆ ನಿಂತೇ ಇದ್ದ.

ಸಕ್ರವ್ವ ಸೂಜಿ ದಾರ ಹಿಡಿದು ಬಂದಳು. ಸೈಕಲ್ಲಿನ ಮಾತು ಎತ್ತಲಿಲ್ಲ.

"ಅಂಗಿ ಕೊಡ್ರಿ, ಹೊಲದ ಕೊಡ್ತೀನಿ. ನಾಳೆ ಸಂತಿಗೆ ಹೋಗೂದು ಐತಿ."

"ಒಂದ ತೋಳು ಹೊಲಿ. ಇನ್ನೊಂದು ಹಂಗ ಇರ್ಲಿ," ಎಂದ ಗೊಲ್ಲಾಳಪ್ಪ.

ಅವಳು ಗಂಡನ ಮುಖ ನೋಡಿದಳು. "ಯಾವುದು ಹೊಲೀಲಿ?"

ಎಡತೋಳು ಮಗಳು ಹರಿದದ್ದು, ಬಲತೋಳು ಮಗ ಹರಿದದ್ದು. ಗೊಲ್ಲಾಳಪ್ಪ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಬಹಳ ಹೊತ್ತು ನೋಡಿದರೂ ಪಾಲು ಮಾಡಲು ಅವನಿಂದ ಆಗಲಿಲ್ಲ. ಮರುದಿನ ಕಂಬಳಿಯ ಹೊರೆ ಹೊತ್ತು, ಎರಡೂ ತೋಳು ಹರಿದ ಅಂಗಿಯಲ್ಲೇ ಬಬಲೇಶ್ವರದ ದಾರಿ ಹಿಡಿದ.