ಚಂದ್ರಕಾಂತದ ಮೇಲೆ ಗೀರು

ಕಳೆದ ನವೆಂಬರ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ, ಉಪ್ಪಳ ಪೇಟೆಯಿಂದ ಒಳಗೆ ತಿರುಗುವ ರಸ್ತೆಯ ಒಂದು ಮನೆಯಲ್ಲಿ, ಸಂಪೂರ್ಣ ಪಾಲಿಶ್ ಆಗಿದೆ ಎಂದು ಘೋಷಿಸಲಾಗಿದ್ದ ಚಂದ್ರಕಾಂತ ಕಲ್ಲೊಂದರ ಮೇಲೆ ಗೀರುಗಳು ಪತ್ತೆಯಾದವು. ಘೋಷಿಸಿದವನು ನಾನು. ಪತ್ತೆ ಮಾಡಿದವಳು ನನ್ನ ಹೆಂಡತಿ ಹಿಲ್ಡಾ. ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಡೆಗೆ ವಾಲಿಸಿ, ಇನ್ನೊಂದು ಕಡೆಗೆ ವಾಲಿಸಿ, ಅವಳು ಹೇಳಿದ್ದು ಇಷ್ಟೇ: "ಇದರ ಮೇಲೆ ಬೆಕ್ಕು ನಡೆದಿದೆಯಾ?" ನಮ್ಮ ಮನೆಯ ಮಾತು ಕೊಂಕಣಿ. ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಮೂಲದಲ್ಲಿ ಅದು ಇನ್ನೂ ಹರಿತವಾಗಿತ್ತು.

ನನಗೆ ಗೀರು ಕಾಣಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಹಿಲ್ಡಾಳಿಗೆ ಕಣ್ಣಿನ ಪೊರೆ ತೆಗೆಸಿ ಆಗ ತಾನೇ ಕೆಲವು ವಾರಗಳಾಗಿದ್ದವು. ಆಪರೇಷನ್ ಆದಂದಿನಿಂದ ಅವಳು ಮನೆಯಲ್ಲಿ ಜೇಡರ ಬಲೆ, ಕಪ್ಪಿನ ಅಂಚಿನ ಕಲೆ, ನನ್ನ ಕಿವಿಯ ಮೇಲಿನ ಕೂದಲು ಮುಂತಾದ ಹಿಂದೆಂದೂ ಇಲ್ಲದ ವಸ್ತುಗಳನ್ನು ಕಂಡುಹಿಡಿಯುತ್ತಿದ್ದಳು. ಹಾಗಾಗಿ ಇದೂ ಹೊಸ ಕಣ್ಣಿನ ಉತ್ಸಾಹ ಎಂದುಕೊಂಡೆ. ಆದರೆ ಭೂತಕನ್ನಡಿ ತಂದು ನೋಡಿದರೆ ಬೆಕ್ಕು ನಡೆದದ್ದು ನಿಜ. ಒಂದಲ್ಲ, ಸಂಸಾರ ಸಮೇತ.

ಹಿನ್ನೆಲೆ ಹೇಳದೆ ಸುದ್ದಿ ಅರ್ಥವಾಗುವುದಿಲ್ಲ. ನಾನು ಮಂಗಳೂರಿನ ಒಂದು ದೈನಿಕದ ಡೆಸ್ಕಿನಲ್ಲಿ ಕೂತು ನಿವೃತ್ತನಾದವನು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತಿಯಾದರೂ ಕೆಂಪು ಪೆನ್ನು ನಿವೃತ್ತಿಯಾಗಲಿಲ್ಲ. ಬಂದ ಮದುವೆ ಕಾಗದಗಳನ್ನೆಲ್ಲ ತಿದ್ದಿದೆ. ಚರ್ಚಿನ ನೋಟಿಸನ್ನು ತಿದ್ದಿದೆ. ಉಪ್ಪಿನಕಾಯಿ ಬಾಟಲಿಯ ಚೀಟಿಯನ್ನು ತಿದ್ದುತ್ತಿದ್ದಾಗ ಹಿಲ್ಡಾ ಬಂದು, "ನಿಮಗೆ ಕೈಗೆ ಒಂದು ಕೆಲಸ ಬೇಕು. ಸಾಣೆ ಹಿಡಿಯಲೇಬೇಕೆಂದಿದ್ದರೆ ಕಲ್ಲಿಗೆ ಹಿಡಿಯಿರಿ, ಜನರಿಗೆ ಬೇಡ" ಎಂದಳು. ಮೂವತ್ತು ವರ್ಷ ಗಣಿತ ಕಲಿಸಿದ ಟೀಚರು ಅವಳು. ಉಪಮೆ ಬಳಸುವುದು ಕಡಿಮೆ. ಆ ದಿನ ಬಳಸಿದಳು. ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ.

ಹೀಗೆ ನಮ್ಮ ಹಿಂದಿನ ಜಗಲಿಗೆ ಒಂದು ಯಂತ್ರ ಬಂತು. ಒಂದು ಮೋಟರು, ಅದಕ್ಕೆ ಒರಟಿನಿಂದ ನಯದವರೆಗೆ ಸಾಲಾಗಿ ಜೋಡಿಸಿದ ಚಕ್ರಗಳು, ಮೇಲಿನಿಂದ ತೊಟ್ಟಿಕ್ಕುವ ನೀರು. ಕಲ್ಲನ್ನು ಒಂದು ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿ ಚಕ್ರಕ್ಕೆ ಹಿಡಿಯುವುದು. ವಜ್ರಕ್ಕೆ ಕೊಡುವ ಹಾಗೆ ಮುಖಗಳನ್ನು ಕೊಡುವುದಲ್ಲ, ಅಡಿ ಚಪ್ಪಟೆ, ಮೇಲೆ ಗುಬ್ಬಿ ಮೊಟ್ಟೆಯ ಅರ್ಧದಂತೆ ಉಬ್ಬು. ಇದಕ್ಕೆ ಕ್ಯಾಬೊಶಾನ್ ಎಂಬ ಫ್ರೆಂಚ್ ಹೆಸರಿದೆ. ಹಿಲ್ಡಾ ಅದನ್ನು 'ನಿಮ್ಮ ಗೋಳಿ' ಎನ್ನುತ್ತಾಳೆ.

ಕಲಿಯುವ ದಿನಗಳ ಗೋಳಿಗಳು ಹೇಗೂ ಇರಲಿ, ಈ ಚಂದ್ರಕಾಂತ ಮಾತ್ರ ಹಾಗಲ್ಲ. ಹಿಲ್ಡಾಳ ಬೆರಳಲ್ಲಿ ಅವಳ ತಾಯಿ ಕೊಟ್ಟ ಒಂದು ಉಂಗುರವುಂಟು. ಅದರಲ್ಲಿದ್ದ ಬೆಳ್ಳನೆಯ, ಒಳಗೆ ನೀಲಿ ಬೆಳಕು ಓಡಾಡುವ ಕಲ್ಲು ಕಳೆದ ಮಳೆಗಾಲದಲ್ಲಿ ಎಲ್ಲಿಯೋ ಉದುರಿಹೋಯಿತು. ಬಾವಿಕಟ್ಟೆ, ಅಕ್ಕಿ ಡಬ್ಬ, ಕೋಳಿಗೂಡು ಎಲ್ಲ ಹುಡುಕಿದೆವು. ಕೋಳಿಗಳನ್ನು ಸಂಶಯದಿಂದ ನೋಡಿದೆವು. ಸಿಗಲಿಲ್ಲ. ಆದರೆ ಹಿಲ್ಡಾ ಖಾಲಿ ಉಂಗುರವನ್ನು ತೆಗೆಯಲೊಪ್ಪಲಿಲ್ಲ. ಅದರ ತೆರೆದ ಬಾಯಿ ಸೀರೆಯ ನೂಲು, ಸೊಳ್ಳೆಪರದೆ, ನನ್ನ ಬನಿಯನ್ ಹೀಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು. ಒಮ್ಮೆ ಚರ್ಚಿನಲ್ಲಿ ಅಕ್ಕಪಕ್ಕದವರಿಗೆ ಶಾಂತಿ ಕೋರುವ ಹೊತ್ತಿನಲ್ಲಿ ಪಕ್ಕದ ಹೆಂಗಸಿನ ಶಾಲನ್ನು ಕಚ್ಚಿತು. ಪೂಜೆಯ ಉಳಿದ ಭಾಗದಲ್ಲಿ ಇಬ್ಬರೂ ಜೊತೆಯಾಗಿಯೇ ಎದ್ದರು, ಜೊತೆಯಾಗಿಯೇ ಮೊಣಕಾಲೂರಿದರು. ಹೊರಗೆ ಬಂದ ಮೇಲೆ ಅವರಿಬ್ಬರ ಭಕ್ತಿಯನ್ನು ಒಬ್ಬರು ಹೊಗಳಿದರಂತೆ.

ಹಿಲ್ಡಾಳ ತಂಗಿ ಗ್ರೇಸಿ ಮಂಗಳೂರಿನಲ್ಲಿದ್ದಾಳೆ. "ಅಂಗಡಿಯಲ್ಲಿ ಒಳ್ಳೆ ಕೆಂಪು ಕಲ್ಲು ಉಂಟು, ನಿಮ್ಮ ಮದುವೆಯ ದಿನಕ್ಕೆ ನಾನೇ ತಂದು ಕೂರಿಸಿಕೊಡುತ್ತೇನೆ" ಎಂದು ಫೋನಿನಲ್ಲಿ ಹೇಳಿದಳು. ನಮ್ಮ ಮದುವೆಯ ದಿನ ನವೆಂಬರ್ ಕೊನೆಗೆ. ಫೋನು ಸ್ಪೀಕರಿನಲ್ಲಿತ್ತು. ನಾನು ಕೂತಲ್ಲಿಂದಲೇ, "ಕೆಂಪು ಕಲ್ಲೂ ಬೇಡ, ಅಂಗಡಿಯದ್ದೂ ಬೇಡ. ಚಂದ್ರಕಾಂತವೇ ಆಗಬೇಕು, ನಾನೇ ಮಾಡುತ್ತೇನೆ" ಎಂದೆ. ಆ ಕಡೆ ಗ್ರೇಸಿ ನಕ್ಕಳು. ಹಿಲ್ಡಾ ನಗಲಿಲ್ಲ. ಫೋನಿಟ್ಟ ಮೇಲೆ ಉಂಗುರವನ್ನು ತಿರುಗಿಸುತ್ತಾ, "ಅಮ್ಮನದ್ದರ ಹಾಗೆಯೇ ಆಗುತ್ತದಾ?" ಎಂದು ಕೇಳಿದಳು. ಆಗುತ್ತದೆ ಎಂದೆ. ಖಚಿತಪಡಿಸಿಕೊಳ್ಳದೆ ಸುದ್ದಿ ಕೊಡಬಾರದು ಎಂಬ ನಿಯಮವನ್ನು ಮುರಿದದ್ದು ಅಲ್ಲಿ.

ತರಿಸಿದ ಕಚ್ಚಾ ಕಲ್ಲಿನಲ್ಲಿ ನೀಲಿ ಬೆಳಕು ಸರಿಯಾಗಿ ಓಡುವ ತುಂಡು ಒಂದೇ ಇತ್ತು. ಅದನ್ನು ಉಂಗುರದ ಮನೆಗಿಂತ ತುಸು ದೊಡ್ಡದಾಗಿಯೇ ಉಳಿಸಿಕೊಂಡು ಉಜ್ಜಿದೆ. ಈ ಕೆಲಸದಲ್ಲಿ ಒಂದು ತತ್ವವಿದೆ. ಪ್ರತಿ ಚಕ್ರವೂ ಗೀರುತ್ತದೆ. ಮುಂದಿನ ಚಕ್ರದ ಕೆಲಸ ಹಿಂದಿನದರ ಗೀರನ್ನು ಅಳಿಸಿ ತನ್ನದೇ ಇನ್ನೂ ಸಣ್ಣ ಗೀರು ಹಾಕುವುದು. ಕೊನೆಗೆ ಗೀರು ಎಷ್ಟು ಸಣ್ಣದಾಗುತ್ತದೆಂದರೆ ಅದನ್ನು ಹೊಳಪು ಎಂದು ಕರೆಯುತ್ತೇವೆ. ಇನ್ನೊಂದು, ಒದ್ದೆ ಕಲ್ಲು ನಿಜ ಹೇಳುವುದಿಲ್ಲ. ನೀರು ಗೀರಿನಲ್ಲಿ ತುಂಬಿಕೊಂಡು ಎಲ್ಲ ನುಣುಪಾಗಿದೆ ಎಂಬ ಹೇಳಿಕೆ ಕೊಡುತ್ತದೆ. ಆದ್ದರಿಂದ ಪ್ರತಿ ಚಕ್ರ ಮುಗಿದ ಮೇಲೂ ಕಲ್ಲನ್ನು ಒಣಗಿಸಿ ನೋಡಬೇಕು. ನಾನು ಒಂದು ಸಲವೂ ತಪ್ಪಿಸದೆ ಒರೆಸಿ ಒಣಗಿಸಿ ನೋಡುತ್ತಿದ್ದೆ. ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಭಾನುವಾರದ ಆ ಪತ್ತೆಯ ನಂತರ ನಾನು ಮಾಡಿದ್ದು ಡೆಸ್ಕಿನವನೊಬ್ಬ ಮಾಡುವುದನ್ನೇ. ಪತ್ರಿಕೆಯಲ್ಲಿ ಪುಟ ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಕೊನೆಯ ಪ್ರೂಫಿನಲ್ಲಿ ತಪ್ಪು ಸಿಕ್ಕರೆ ವರದಿಗಾರನನ್ನು ಮತ್ತೆ ಘಟನಾ ಸ್ಥಳಕ್ಕೆ ಕಳಿಸುತ್ತಾರೆಯೇ? ಅಲ್ಲೇ ಒಂದು ಪದ ತಿರುಚಿ, ಒಂದು ವಾಕ್ಯ ನುಂಗಿ, ಸರಿ ಮಾಡುತ್ತಾರೆ. ನಾನೂ ಹಾಗೆಯೇ ಕೊನೆಯ ಚರ್ಮದ ಚಕ್ರಕ್ಕೆ ಪಾಲಿಶ್ ಪುಡಿ ಹಚ್ಚಿ ಎರಡು ದಿನ ಉಜ್ಜಿದೆ. ಗೀರು ಹೋಗಲಿಲ್ಲ. ಗೀರಿಗೂ ಪಾಲಿಶ್ ಬಂತು. ಮೊದಲು ಮಂಕಾಗಿದ್ದವು ಈಗ ಮಿಂಚತೊಡಗಿದವು. ಬೇರೆ ದಾರಿಯಿಲ್ಲದೆ ಹಿಂದಕ್ಕೆ ಹೋದೆ. ಪ್ರತಿ ಹಂತದಲ್ಲೂ ಕೆಂಪು ಶಾಯಿ ಹಚ್ಚಿ ಉಜ್ಜಿದೆ. ಗೀರಿದ್ದರೆ ಅದರೊಳಗೆ ಕೆಂಪು ಉಳಿಯುತ್ತದೆ, ಹೋಗುವವರೆಗೂ ಬಿಡಬಾರದು. ಕೆಂಪು ಶಾಯಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲ ಅಳಿಸಿ ಮತ್ತೆ ಹೊಳಪಿಗೆ ತಂದು ಹಿಲ್ಡಾಳ ಕೈಗಿಟ್ಟೆ.

"ಬೆಕ್ಕು ವಾಪಸು ಬಂದಿದೆ" ಎಂದಳು.

ಹಿಂದಕ್ಕೆ ಹೋದಾಗಲೆಲ್ಲ ಕಲ್ಲು ಸವೆಯುತ್ತದೆ. ಹೆಚ್ಚುವರಿಯಾಗಿ ಇಟ್ಟಿದ್ದದ್ದು ಬಹುಪಾಲು ಮುಗಿದಿತ್ತು. ಉಂಗುರದ ಮೇಲೆ ಇಟ್ಟು ನೋಡಿದರೆ ಇನ್ನೊಂದು ಸಲ ಹಿಂದೆ ಹೋಗಬಹುದಿತ್ತು, ಅದರಾಚೆ ಕಲ್ಲು ಉಂಗುರದೊಳಗೆ ಗಡಗಡ ಅಲ್ಲಾಡುತ್ತಿತ್ತು. ಗ್ರೇಸಿ ಕೆಂಪು ಕಲ್ಲಿನ ಫೋಟೊ ಕಳಿಸಿದ್ದಳು. ಹಿಲ್ಡಾ ಅದನ್ನು ನನಗೆ ತೋರಿಸಲಿಲ್ಲ, ಫೋನನ್ನು ಮೇಜಿನ ಮೇಲೆ ಬಿಟ್ಟು ಹೋದಳು.

ಹಾಗಾಗಿ ತನಿಖೆ ಆರಂಭಿಸಿದೆ. ಹೊರಗಿನಿಂದ ಯಾವುದೋ ಒರಟು ಕಣ ಬರುತ್ತಿದೆ, ಇಲ್ಲದಿದ್ದರೆ ಅಳಿಸಿದ ಗೀರು ಮರಳುವುದಿಲ್ಲ. ಬಾವಿನೀರನ್ನು ಸೋಸಿದೆ, ಚಕ್ರಗಳನ್ನು ತೊಳೆದೆ. ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳನ್ನು ಸಂಶಯಿಸಿದೆ, ಆದರೆ ಗಾಳಿ ಆ ಕಡೆಯಿಂದ ಇರಲಿಲ್ಲ. ಉಳಿದದ್ದು ನೆರೆಮನೆ. ಅಲ್ಲಿ ಮೊಯ್ದೀನ್ ಇಚ್ಚ ದುಬೈಯಲ್ಲಿರುವ ಮಗನಿಗಾಗಿ ಮನೆ ಕಟ್ಟಿಸುತ್ತಿದ್ದರು. ಬೆಳಗಿನಿಂದ ಗ್ರಾನೈಟ್ ಕೊಯ್ಯುವ ಶಬ್ದ, ಬಿಳಿ ಧೂಳು. ಸಾಕ್ಷ್ಯ ಬಲವಾಗಿತ್ತು. ಆದರೂ ಆರೋಪಿಯ ಹೇಳಿಕೆ ಇಲ್ಲದೆ ಸುದ್ದಿ ಮುಗಿಯುವುದಿಲ್ಲವಲ್ಲ. ಕಲ್ಲನ್ನು ಕಡ್ಡಿ ಸಮೇತ ಹಿಡಿದು, ಲುಂಗಿ ಸರಿಪಡಿಸಿಕೊಂಡು ಹೋದೆ.

ಇಚ್ಚ ಧೂಳಿನ ನಡುವೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮ ಕಡೆ ಹಿರಿಯ ಮುಸ್ಲಿಮರನ್ನು ಅಣ್ಣ ಎಂಬರ್ಥದಲ್ಲಿ ಇಚ್ಚ ಎಂದೂ, ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಪೊರ್ಬುಗಳು ಎಂದೂ ಕರೆಯುವುದುಂಟು.

"ಬನ್ನಿ ಪೊರ್ಬುಗಳೇ, ಎಂತ ಅದು ಕಡ್ಡಿಯಲ್ಲಿ? ಮಿಠಾಯಿಯಾ?"

"ಚಂದ್ರಕಾಂತ. ನಿಮ್ಮ ಗ್ರಾನೈಟಿನ ಧೂಳಿನಿಂದ ಇದಕ್ಕೆ ಗೀರು ಬೀಳ್ತಾ ಉಂಟು ಇಚ್ಚ."

ಅವರು ಕಲ್ಲನ್ನು ನೋಡಲಿಲ್ಲ. ನನ್ನ ಮುಖವನ್ನು ನೋಡಿದರು.

"ಕಲ್ಲು ಬಿಡಿ. ನಿಮ್ಮ ಕನ್ನಡಕಕ್ಕೆ ಎಂತ ಆಯ್ತು ಮಾರಾಯ್ರೆ? ಮುಳ್ಳುಪೊದೆಗೆ ನುಗ್ಗಿದ ಹಾಗೆ ಉಂಟು."

"ಅದೂ ನಿಮ್ಮ ಧೂಳೇ."

"ಹೌದಾ?" ಅವರು ತಮ್ಮ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. "ಇದು ಎರಡು ತಿಂಗಳಿನಿಂದ ಇದೇ ಧೂಳಲ್ಲಿ ಕೂತಿದೆ, ನನ್ನ ಮೂಗಿನ ಮೇಲೆ. ನೋಡಿ. ಒಂದು ಗೀರು ಉಂಟಾ?"

ಇರಲಿಲ್ಲ. ಧೂಳಿತ್ತು, ಗೀರಿರಲಿಲ್ಲ. ಅದನ್ನು ಇನ್ನೂ ಚೆನ್ನಾಗಿ ಪರೀಕ್ಷಿಸಲು, ವರದಿಗಾರಿಕೆಯ ಶಿಸ್ತಿನಿಂದ, ಒರೆಸಬೇಕೆಂದು ನಾನು ಹೆಗಲ ಮೇಲಿದ್ದ ಬೈರಾಸನ್ನು, ಅಂದರೆ ಟವೆಲನ್ನು, ಎಳೆದೆ.

"ಅಯ್ಯೋ, ಅದರಲ್ಲಿ ಬೇಡ!" ಇಚ್ಚ ಕುರ್ಚಿಯಿಂದಲೇ ಹಾರಿ ಕನ್ನಡಕ ಕಿತ್ತುಕೊಂಡರು. "ಆ ಬೈರಾಸು ನೋಡಿದರೆ ನಮ್ಮ ಕೆಲಸದವರದ್ದಕ್ಕಿಂತ ಕಡೆಯಾಗಿ ಉಂಟು. ಅದರಲ್ಲಿ ಗೋಡೆ ಉಜ್ಜಬಹುದು."

ಬೈರಾಸಿನ ಬಗ್ಗೆ ಎರಡು ಮಾತು. ನಮ್ಮ ಊರಿನ ಗಂಡಸಿಗೆ ಅದು ಬಟ್ಟೆಯಲ್ಲ, ಅಂಗ. ಬೆವರು, ಬಾಯಿ, ಬೆಂಚು, ಸೈಕಲ್ಲಿನ ಸೀಟು ಎಲ್ಲದಕ್ಕೂ ಅದೇ. ಹೆಗಲ ಮೇಲೆ ಇದೆ ಎಂಬುದು ನೆನಪಿಗೇ ಬರುವುದಿಲ್ಲ, ಇಲ್ಲದಾಗ ಮಾತ್ರ ಗೊತ್ತಾಗುತ್ತದೆ. ಅತಿ ಒರಟು ಚಕ್ರದಿಂದ ತೆಗೆದ ಕಲ್ಲನ್ನೂ ನಾನು ಅದರಲ್ಲೇ ಒರೆಸಿದ್ದೆ, ಅತಿ ನಯದ ಚಕ್ರದಿಂದ ತೆಗೆದದ್ದನ್ನೂ ಅದರಲ್ಲೇ. ಪ್ರತಿ ಹಂತದಲ್ಲೂ, ಒಮ್ಮೆಯೂ ತಪ್ಪಿಸದೆ. ಒರಟು ಪುಡಿಯೆಲ್ಲ ನೂಲಿನೊಳಗೆ ಕೂತು, ಹೊಳಪು ಬಂದ ಕಲ್ಲಿಗಾಗಿ ಕಾಯುತ್ತಿತ್ತು. ನಡುವೆ ಬಿಡುವಾದಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದದ್ದೂ ಅದರಲ್ಲೇ. ಬಾವಿ, ಹೆದ್ದಾರಿ, ನೆರೆಮನೆ, ಗಾಳಿ ಎಲ್ಲರ ಹೇಳಿಕೆ ಪಡೆದಿದ್ದೆ. ಆರೋಪಿಯನ್ನು ಹೆಗಲ ಮೇಲೆ ಕೂರಿಸಿಕೊಂಡೇ ತಿರುಗಿದ್ದೆ.

ಮನೆಗೆ ಬಂದು ಹಿಲ್ಡಾಳಿಗೆ ತನಿಖಾ ವರದಿ ಒಪ್ಪಿಸಿದೆ. ಅವಳು ಕೇಳಿ ಮುಗಿಸಿ, "ಆ ಬೈರಾಸು ಒಗೆಯಲು ಕೊಡಿ ಎಂದು ನಾನು ಎಷ್ಟು ಸಲ ಹೇಳಿದೆ?" ಎಂದಳು. ಒಗೆದರೆ ಮೆತ್ತಗಾಗುತ್ತದೆ ಎಂದು ನಾನೇ ತಡೆದಿದ್ದೆ. ಈಗ ತಡೆಯಲಿಲ್ಲ. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಒಯ್ದಳು, ಬಚ್ಚಲಿಗೆ ಅಲ್ಲ.

ಕೊನೆಯ ಅವಕಾಶಕ್ಕೆ ನಾನು ಬರಿಹೆಗಲಿನಲ್ಲಿ ಕೂತೆ. ಪ್ರತಿ ಚಕ್ರಕ್ಕೂ ಬೇರೆ ಬಟ್ಟೆ, ಹಿಲ್ಡಾಳ ಹಳೆಯ ವಾಯಿಲ್ ಸೀರೆ ಹರಿದು ಮಾಡಿದ್ದು. ಚಕ್ರ ಬದಲಿಸುವ ಮುಂಚೆ ಕೈ ತೊಳೆದು, ಉಗುರಿನ ಸಂದಿ ಬ್ರಷ್ಷಿನಿಂದ ಉಜ್ಜಿದೆ. ಚರ್ಮದ ಚಕ್ರಕ್ಕೆ ಹೊಸ ಚರ್ಮ ಹಾಕಿದೆ. ಹೆಗಲಿಗೆ ಕೈ ಹೋದಾಗಲೆಲ್ಲ ಅಲ್ಲಿ ನಾನೇ ಸಿಗುತ್ತಿದ್ದೆ. ನೀಲಿ ಬೆಳಕು ಕಲ್ಲಿನ ನೆತ್ತಿಯ ಮೇಲೆ ಬಂದು ನಿಂತಿತು, ವಾಲಿಸಿದರೆ ಜಾರಿತು, ನೆಟ್ಟಗೆ ಹಿಡಿದರೆ ಮರಳಿತು. ಹಿಲ್ಡಾ ಅದನ್ನು ಕಿಟಕಿಗೆ ಒಯ್ದಳು. ತುಂಬಾ ಹೊತ್ತು ನೋಡಿದಳು. ಬೆಕ್ಕಿನ ಮಾತು ಬರಲಿಲ್ಲ. "ಅಮ್ಮನದ್ದು ಇಷ್ಟು ನೀಲಿ ಇರಲಿಲ್ಲ" ಎಂದಳು. ಮತ್ತೊಮ್ಮೆ ವಾಲಿಸಿ ನೋಡಿ, "ಇದ್ದಿರಬಹುದು. ಆಗ ನನಗೆ ಪೊರೆ ಇತ್ತು" ಎಂದಳು.

ಪೇಟೆಯ ಅಕ್ಕಸಾಲಿಗ ಆಚಾರ್ರು ಕಲ್ಲನ್ನು ಉಂಗುರಕ್ಕೆ ಕೂರಿಸಿದರು. ಕೂತಿತು, ಅಲ್ಲಾಡಲಿಲ್ಲ. ನಮ್ಮ ಮದುವೆಯ ದಿನ ಗ್ರೇಸಿ ಊಟಕ್ಕೆ ಬಂದಳು, ಕೆಂಪು ಕಲ್ಲಿನ ಡಬ್ಬಿ ಬ್ಯಾಗಿನಲ್ಲೇ ಇತ್ತು. ಅಕ್ಕನ ಕೈ ಹಿಡಿದು, ಕನ್ನಡಕ ಏರಿಸಿ, ನನ್ನ ಭೂತಕನ್ನಡಿಯನ್ನೂ ಕೇಳಿ ಪಡೆದು ನೋಡಿದಳು.

"ಭಾವಾ, ನಿಜ ಹೇಳಿ. ಯಾವ ಅಂಗಡಿಯಿಂದ ತಂದದ್ದು?"

"ನಾನೇ ಮಾಡಿದ್ದು."

"ಸುಮ್ಮನಿರಿ. ಒಂದು ಗೀರಾದರೂ ಇದ್ದಿದ್ದರೆ ನಂಬಬಹುದಿತ್ತು."

ನಾನು ಸಾಕ್ಷಿಗಾಗಿ ಹಿಲ್ಡಾಳ ಕಡೆ ನೋಡಿದೆ. ಅವಳು ತಟ್ಟೆಗಳನ್ನು ಒಟ್ಟುಮಾಡಿ ಸಿಂಕಿನ ಕಡೆ ಹೊರಟಿದ್ದಳು. ನಳ್ಳಿಯ ಪಕ್ಕದಲ್ಲಿ ಪಾತ್ರೆ ತಿಕ್ಕುವ ಪುಡಿಯ ಡಬ್ಬವಿತ್ತು. ನಾನು ಎದ್ದು ನಿಂತು, ಚಂದ್ರಕಾಂತ ಮೆದು ಕಲ್ಲು, ಆ ಪುಡಿಯಲ್ಲಿ ಇರುವುದು ಒರಟು ಕಣ, ಉಂಗುರದ ಕೈಯನ್ನು ಅದರ ಹತ್ತಿರವೂ ತರಕೂಡದು, ಇಷ್ಟೆಲ್ಲ ಪಾಡುಪಟ್ಟು ಅಳಿಸಿದ ಗೀರು ಒಂದೇ ಊಟದ ಪಾತ್ರೆಗೆ ಮರಳಿ ಬರುತ್ತದೆ ಎಂದು ಎಲ್ಲರಿಗೂ ಕೇಳುವಂತೆ, ಆಧಾರ ಸಹಿತ ವಿವರಿಸಿದೆ.

ಹಿಲ್ಡಾ ಗಮನವಿಟ್ಟು ಕೇಳಿದಳು. ಗ್ರೇಸಿಯೂ ಕೇಳಿದಳು. ಆಮೇಲೆ ಹಿಲ್ಡಾ ತಟ್ಟೆಗಳನ್ನು ನನ್ನ ಕೈಗಿತ್ತು, "ಹಾಗಾದರೆ ನೀವು" ಎಂದಳು.

ಉಂಗುರ ಅವಳ ಬೆರಳಲ್ಲಿದೆ. ಇಂದು ಬೆಳಿಗ್ಗೆ ಭೂತಕನ್ನಡಿಯಲ್ಲಿ ಪರೀಕ್ಷಿಸಿದಾಗ ಯಾವುದೇ ಗೀರು ಕಂಡುಬಂದಿಲ್ಲ. ಪಾತ್ರೆಗಳನ್ನು ಅಂದಿನಿಂದ ನಾನು ತೊಳೆಯುತ್ತಿದ್ದೇನೆ.