ಇಸ್ವಾಣದ ತುಂಡು ದಪ್ಪವಾಗಿರುವ ಕುರಿತು

ನನ್ನ ದೊಡ್ಡಮ್ಮನ ಎರಡೂ ಕೈಗಳು ಕೆಲಕಾಲದಿಂದ ಅವರ ಆಜ್ಞೆಗೆ ಒಳಪಟ್ಟಿಲ್ಲವೆಂದೂ, ಈ ಸಂಗತಿ ಅವರೊಬ್ಬರ ಹೊರತು ಹೊನ್ನಾವರದ ಸಮಸ್ತರಿಗೂ ತಿಳಿದಿದೆಯೆಂದೂ ಓದುಗರ ಅವಗಾಹನೆಗೆ ತರಬಯಸುತ್ತೇನೆ. ನಾನು ಇದುವರೆಗೆ ಬರೆದದ್ದು ಕಚೇರಿಯ ಪತ್ರಗಳು ಮತ್ತು ಊರವರ ಅರ್ಜಿಗಳು ಮಾತ್ರ. ಅವುಗಳಲ್ಲಿ ಒಂದು ಅರ್ಜಿಯ ವಿಚಾರ ಮುಂದೆ ಬರಲಿದೆ.

ದೊಡ್ಡಮ್ಮ ಮಾರುಕಟ್ಟೆಯಲ್ಲಿ ಮೀನು ಕೊಯ್ದು ಕೊಡುವವರು. ಮಾರುವವರು ಬೇರೆ. ಕೊಂಡ ಮೀನನ್ನು ಇವರ ಮುಂದೆ ಇಟ್ಟರೆ, ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ಕೂತು ತುಂಡು ಮಾಡಿ ಕೊಡುತ್ತಾರೆ. ಇಸ್ವಾಣ ಮೀನನ್ನು ಅವರು ಕೊಯ್ದರೆ ತಲೆಯಿಂದ ಬಾಲದವರೆಗೆ ಎಲ್ಲ ತುಂಡೂ ಒಂದೇ ದಪ್ಪ. ಕೊಯ್ಯುವಾಗ ಅವರು ಮೀನನ್ನು ನೋಡಿದ್ದನ್ನು ನಾನು ಕಂಡಿಲ್ಲ. ನೋಡುತ್ತಿದ್ದುದು ಗಿರಾಕಿಯ ಮುಖವನ್ನು, ಬೈಯಲು ಅನುಕೂಲವಾಗಲೆಂದು. ಆ ಕೊಯ್ತಕ್ಕೂ ಆ ಬೈಗುಳಕ್ಕೂ ಮನಸೋತು ಕುಮಟೆಯ ನಿವೃತ್ತ ಮಾಸ್ತರರೊಬ್ಬರು ತಮ್ಮೂರ ಪೇಟೆಯನ್ನು ಬಿಟ್ಟು ಬಸ್ಸು ಹತ್ತಿ ಬರುತ್ತಿದ್ದರು.

ತುಂಡಿನ ಅಳತೆ ಕೆಟ್ಟದ್ದನ್ನು ಮೊದಲು ಗಮನಕ್ಕೆ ತಂದವರೂ ಅವರೇ.

"ಅಕ್ಕಾ, ಇದೆಂತ? ಒಂದು ಇಟ್ಟಿಗೆ ಹಾಂಗಿದೆ, ಇನ್ನೊಂದು ಎಲೆ ಹಾಂಗಿದೆ."

"ದಪ್ಪದ್ದು ನಿಮ್ಗೆ, ಮಾಸ್ತರ್ರೆ. ತೆಳುದು ನಿಮ್ಮ ಹೆಂಡ್ತಿಗೆ. ಅವ್ರಿಗೆ ಸಕ್ರೆ ಕಾಯಿಲೆ ಅಲ್ದಾ?"

"ಸಕ್ಕರೆ ಕಾಯಿಲೆ ನಂಗೆ."

"ಹಂಗಾರೆ ಅದಲು ಬದಲು ಮಾಡ್ಕಂಡು ತಿನ್ನಿ. ಅದಕ್ಕೆ ಇಷ್ಟು ದೂರ ಬಂದು ತಗಾದೆ ಎಂತಕ್ಕೆ?"

ಮಾಸ್ತರರು ಅದಲು ಬದಲು ಮಾಡಿಕೊಳ್ಳಲಿಲ್ಲ. ಮುಂದಿನ ವಾರದಿಂದ ಬರುವುದನ್ನು ನಿಲ್ಲಿಸಿದರು. ದೊಡ್ಡಮ್ಮ ಇದಕ್ಕೆ ಹೊಣೆಗಾರರನ್ನು ಗುರುತಿಸುವ ಕಾರ್ಯದಲ್ಲಿ ತೊಡಗಿದರು. ಮೊದಲ ಆರೋಪಿ ಕತ್ತಿ. ಅದನ್ನು ಗೋಣಿಯಲ್ಲಿ ಸುತ್ತಿಕೊಂಡು, ನನಗೆ ಕಚೇರಿಗೆ ರಜೆ ಹಾಕಿಸಿ, ಶಿರಾಲಿಯ ಕಮ್ಮಾರರ ಬಳಿಗೆ ಕರೆದೊಯ್ದರು. ಅವರು ಬೆರಳಿನಿಂದ ಅಲಗನ್ನು ಸವರಿ, "ಅಮ್ಮಾ, ಕತ್ತಿಗೆ ಎಂತದೂ ಆಗ್ಲಿಲ್ಲ" ಎಂದರು. "ಹಂಗಾರೆ ನಿನ್ನ ಕಣ್ಣು ತೋರ್ಸ್ಕ" ಎಂದು ಹೇಳಿ ದೊಡ್ಡಮ್ಮ ಕತ್ತಿಯನ್ನು ಮರಳಿ ಪಡೆದರು. ಎರಡನೆಯ ಆರೋಪಿ ಮಂಜುಗಡ್ಡೆ, ಅದು ಮೀನನ್ನು ಮೆತ್ತಗೆ ಮಾಡುತ್ತದೆಯಂತೆ. ಮೂರನೆಯದು ಅವರು ಕೂರುವ ಕಟ್ಟೆ, ಅದು ಒಂದು ಬದಿಗೆ ವಾಲಿದೆಯಂತೆ. ನಾಲ್ಕನೆಯವನು ನಾನು. ಕಾರಣ ತಿಳಿಸಲಿಲ್ಲ.

ಕೊನೆಗೆ ದೊಡ್ಡಮ್ಮನನ್ನು ಕುಮಟೆಯ ವೈದ್ಯರೊಬ್ಬರ ಮುಂದೆ ಹಾಜರುಪಡಿಸಿದೆ. ಅವರು ತಮ್ಮ ಎರಡು ಬೆರಳು ಚಾಚಿ, ಹಿಡಿದು ಒತ್ತಲು ಹೇಳಿದರು. ದೊಡ್ಡಮ್ಮ ಒತ್ತಿದರು. ವೈದ್ಯರು ಬೆರಳು ಬಿಡಿಸಿಕೊಂಡು, ಅವುಗಳಿಗೆ ಗಾಳಿ ಊದಿಕೊಳ್ಳುತ್ತಾ, "ಬಲಕ್ಕೆ ಕೊರತೆ ಇಲ್ಲ" ಎಂದು ಅಭಿಪ್ರಾಯಪಟ್ಟರು. ಕೊರತೆ ಇರುವುದು ನರಗಳಲ್ಲಿ ಎಂದರು. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರಗಳು ವಯಸ್ಸಾದಂತೆ ಒಂದೊಂದಾಗಿ ಸಾಯುತ್ತವೆ. ಸತ್ತ ನರದ ಕೈಕೆಳಗಿದ್ದ ಸ್ನಾಯುವಿನ ಎಳೆಗಳು ಅನಾಥವಾಗುತ್ತವೆ. ಪಕ್ಕದ ನರವು ಅವುಗಳನ್ನು ತನ್ನವೆಂದು ಸೇರಿಸಿಕೊಂಡು ಸಾಕುತ್ತದೆ. ಆದ್ದರಿಂದ ಬಲ ಉಳಿಯುತ್ತದೆ. ಆದರೆ ಒಂದೇ ನರ ಅಷ್ಟು ಎಳೆಗಳನ್ನು ಒಟ್ಟಿಗೆ ಎಳೆಯುವುದರಿಂದ ನಾಜೂಕು ಹೋಗುತ್ತದೆ. ಆದೇಶವೂ ತುಸು ತಡವಾಗಿ ತಲುಪುತ್ತದೆ.

ನನಗೆ ಕೂಡಲೇ ಅರ್ಥವಾಯಿತು. ನಮ್ಮ ಕಚೇರಿಯಲ್ಲಿ ನಿವೃತ್ತರಾದವರ ಮೇಜುಗಳನ್ನೆಲ್ಲ ಉಳಿದವರಿಗೆ ಹೆಚ್ಚುವರಿ ಪ್ರಭಾರ ಎಂದು ಹಚ್ಚುತ್ತಾರೆ. ಕೆಲಸ ನಿಲ್ಲುವುದಿಲ್ಲ, ಒರಟಾಗುತ್ತದೆ.

"ಸತ್ತದ್ದರ ಬದ್ಲಿಗೆ ಬೇರೆದು ಬರುದಿಲ್ವಾ ಡಾಕ್ಟ್ರೆ?" ಎಂದು ದೊಡ್ಡಮ್ಮ ಕೇಳಿದರು.

"ಬರುವುದಿಲ್ಲ ಅಮ್ಮಾ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನಿಮ್ಮ ಆಫೀಸಿನ ಹಾಂಗೇಯ, ತಮಾ."

ಅದೇ ತಿಂಗಳಲ್ಲಿ ಮೀನು ಕತ್ತಿಯ ಮೇಲೆ ಜಾರಿತು. ಕೈ ಬಿಡಬೇಕೆಂಬ ಆದೇಶ ತಲುಪುವ ಮೊದಲೇ ಎಡಗೈ ಹೆಬ್ಬೆರಳು ಅಲಗನ್ನು ತಲುಪಿತ್ತು. ಪಕ್ಕದಲ್ಲಿ ಕೂರುವ ಹೆಂಗಸರು ನನ್ನನ್ನು ಕರೆದು, "ಬೆರಳು ಪೂರ್ತಿ ಹೋಗುವ ಮೊದ್ಲು ನಿಲ್ಸು ಮಾರಾಯ" ಎಂದರು. ನಿಲ್ಲಿಸಲು ನನಗೆ ಎರಡು ಕಾರಣಗಳಿದ್ದವು. ಒಂದು ಆ ಹೆಬ್ಬೆರಳು. ಎರಡನೆಯದು, ನನ್ನ ಮೇಲಧಿಕಾರಿಗಳು ಅವರ ಗಿರಾಕಿಯಾಗಿದ್ದು, ತುಂಡಿನ ವಿಚಾರವಾಗಿ ಸೋಮವಾರಗಳಂದು ನನ್ನನ್ನು ಎಲ್ಲರೆದುರು ವಿಚಾರಿಸಿ ನಗುತ್ತಿದ್ದರು. ಅರ್ಜಿಯಲ್ಲಿ ಮೊದಲನೆಯದನ್ನು ಮಾತ್ರ ನಮೂದಿಸಿದೆ.

ಹೌದು, ಅರ್ಜಿಯನ್ನು ನಾನೇ ಬರೆದೆ. ವಯೋಸಹಜ ಕಾರಣದಿಂದ ತಮ್ಮ ಕಟ್ಟೆಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವುದಾಗಿ, ದೊಡ್ಡಮ್ಮನ ಹೆಸರಿನಲ್ಲಿ, ಮಾರುಕಟ್ಟೆ ಸಮಿತಿಗೆ. ಅವರಿಗೆ ಓದು ಬಾರದು. ವಾಲಿದ ಕಟ್ಟೆಯನ್ನು ಸರಿಪಡಿಸಲು ಕೋರಿಕೆ ಎಂದು ಹೇಳಿದೆ. "ನೀ ಬರ್ದದ್ದಲ್ಲಾ, ಸಮಾ ಇರ್ತದೆ" ಎಂದು ಅವರು ಹೆಬ್ಬೆಟ್ಟು ಒತ್ತಿದರು. ಗುರುತಿನ ನಡುವೆ, ಗಾಯ ಮಾಗಿದ ಜಾಗದಲ್ಲಿ, ಶಾಯಿ ಹತ್ತದೆ ಒಂದು ಬಿಳಿ ಗೆರೆ ಉಳಿಯಿತು. ಸಮಿತಿಯವರು ಕೋರಿಕೆಯನ್ನು ತಡವಿಲ್ಲದೆ ಮನ್ನಿಸಿದರು. ನನ್ನ ಅರ್ಜಿಗಳಲ್ಲಿ ಇಷ್ಟು ಬೇಗ ಫಲ ಕೊಟ್ಟದ್ದು ಬೇರೊಂದಿಲ್ಲ.

ಮುಂದಿನ ಭಾನುವಾರ ದೊಡ್ಡಮ್ಮ ಮಾರುಕಟ್ಟೆಗೆ ಹೋದವರು ಅರ್ಧ ಗಂಟೆಯಲ್ಲಿ ಮರಳಿದರು. ಕಂಕುಳಲ್ಲಿ ಕತ್ತಿ ಇತ್ತು, ಕೈಯಲ್ಲಿ ಒಂದು ಸಣ್ಣ ಇಸ್ವಾಣ. ನಾನು ಒಳಗಿನಿಂದ ಹೊರಬರಲಿಲ್ಲ. ಹಿತ್ತಿಲಲ್ಲಿ ಕೊಯ್ಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಊಟಕ್ಕೆ ಕರೆದರು. ಕೂತೆ.

"ಸಮಿತಿಯವ್ರು ಅರ್ಜಿ ಓದಿ ಹೇಳಿದ್ರು, ತಮಾ. ಅಕ್ಷರ ಚಂದ ಇದೆ ಅಂದ್ರು."

ನಾನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ನನ್ನ ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ದೊಡ್ಡಮ್ಮನಿಗೆ ತಮ್ಮವೇ ಮೂವರು ಮಕ್ಕಳಿದ್ದರು. ಯಾರ ಆದೇಶವೂ ಇಲ್ಲದೆ ಅವರು ನನ್ನ ಪ್ರಭಾರ ವಹಿಸಿಕೊಂಡರು. ಇಂದಿನವರೆಗೂ ಅದನ್ನು ಯಾರಿಗೂ ಹಸ್ತಾಂತರಿಸಿಲ್ಲ.

ಕಾವಲಿಯಿಂದ ಎರಡು ತುಂಡು ತೆಗೆದರು. ತೆಳುವಾದದ್ದನ್ನು ತಮ್ಮ ತಟ್ಟೆಗೆ ಹಾಕಿಕೊಂಡರು. ಇನ್ನೊಂದನ್ನು ಎತ್ತುವಾಗ ಸಟ್ಟುಗ ಒಂದು ಬದಿಗೆ ವಾಲಿತು. ಎಡಗೈಯನ್ನೂ ಕೊಟ್ಟು ಹಿಡಿದು ನನ್ನ ತಟ್ಟೆಗೆ ಇಳಿಸಿದರು.

"ದಪ್ಪದ್ದು ನಿಂಗೆ."

ನಡುವೆ ಬೆಂದಿರಲಿಲ್ಲ. ಮುಳ್ಳು ಮಾತ್ರ ಬಿಟ್ಟು ಪೂರ್ತಿ ತಿಂದೆ.