ಡೂಪ್ಲಿಕೇಟ್ ಬೆಕ್ಕು ಮತ್ತು ನನ್ನ ನಾದಿನಿ

ವಯಸ್ಸಾದ ಹೆಂಗಸರು ಮಧ್ಯಾಹ್ನದ ಹೊತ್ತು ಏನು ಮಾಡುತ್ತಾರೆ ಎಂಬ ಬಗ್ಗೆ ಲೋಕಕ್ಕೆ ಬಹಳ ಒಳ್ಳೆಯ ಅಭಿಪ್ರಾಯವಿದೆ. ಭಜನೆ ಮಾಡುತ್ತಾರೆ, ಬತ್ತಿ ಹೊಸೆಯುತ್ತಾರೆ, ಅದೂ ಇಲ್ಲದಿದ್ದರೆ ತೂಕಡಿಸುತ್ತಾರೆ. ಆ ಅಭಿಪ್ರಾಯವನ್ನು ಕೆಡಿಸಲು ನಾನಾಗಿ ಹೋದವಳಲ್ಲ. ಆದರೆ ನಂಜನಗೂಡಿನ ನಮ್ಮ ಮನೆಯಲ್ಲಿ ನಾನೂ ನನ್ನ ಯಜಮಾನರ ತಂಗಿ ಜಯಮ್ಮನೂ ಎಷ್ಟೋ ಮಧ್ಯಾಹ್ನಗಳನ್ನು ಟಿವಿ ಗೇಮಿನ ಮುಂದೆ ಕೂತು, ಒಂದು ಬೆಕ್ಕನ್ನು ಇಟ್ಟಿಗೆಯಿಂದ ಇಟ್ಟಿಗೆಗೆ ಹಾರಿಸುತ್ತ ಕಳೆದಿದ್ದೇವೆ.

ಬೆಕ್ಕು ನನಗೆ ಹಳೆಯ ಪರಿಚಯ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಶನಿವಾರ ಪ್ರೊಜೆಕ್ಟರ್ ಹಾಕಿ ತೋರಿಸುತ್ತಿದ್ದ ಕಾರ್ಟೂನಿನ ನಾಯಕ ಅದು. ಕಪ್ಪು ಕೋಟು, ಬಾಲವನ್ನು ತೋಳಿನ ಮೇಲೆ ಸೆರಗಿನಂತೆ ಹಾಕಿಕೊಂಡು ನಡೆಯುವ ಠೀವಿ. ವಾಟ್ ಎ ಜೆಂಟಲ್‌ಮನ್! ಮುಂದೆ ಮಕ್ಕಳಿಗೆಂದು ಫುಟ್‌ಪಾತಿನಲ್ಲಿ ಕೊಂಡ ಟಿವಿ ಗೇಮಿನ ಕ್ಯಾಸೆಟ್ಟಿನ ಮೇಲೆ ಅದರ ಚಿತ್ರ ಕಂಡು ಮರುಳಾದೆ. ಮನೆಗೆ ತಂದು ಹಾಕಿದರೆ ಕೋಟಿಲ್ಲ, ಬಾಲ ಅರ್ಧ. ಹಾರಿದಾಗ ಕಪ್ಪೆಯ ಹಾಗೆ ಕಾಲು ಚಾಚುತ್ತಿತ್ತು. ಯಾವುದೋ ಆಟದ ಕಪ್ಪೆಗೆ ಯಾರೋ ಬೆಕ್ಕಿನ ತಲೆ ಅಂಟಿಸಿದ್ದರು. ಕಾರ್ಟೂನ್ ಮಾಡಿದ ಪುಣ್ಯಾತ್ಮರನ್ನು ಒಂದು ಮಾತೂ ಕೇಳಿರಲಾರರು.

“ಜಯಾ, ಇದು ಡೂಪ್ಲಿಕೇಟು. ನೀನು ಒರಿಜಿನಲ್ ನೋಡಬೇಕಿತ್ತು,” ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ.

“ಇಟ್ಗೆಯಿಂದ್ ಇಟ್ಗೆಗೆ ಆರ್ತದಲ್ವಾ ಅತ್ತಿಗೆ? ಸಾಕು ಬುಡಿ,” ಎನ್ನುತ್ತಿದ್ದಳು.

ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಮಡಿಲಲ್ಲಿ ಕಡಲೆಕಾಯಿ ತುಂಬಿಕೊಂಡು. ಆಟದ ಎರಡು ರಿಮೋಟುಗಳಲ್ಲಿ ಮೊದಲನೆಯದು ಯಾವಾಗಲೂ ನನ್ನದು. ಅವಳ ಬೆಕ್ಕು ಮೂರನೆಯ ಸ್ಟೇಜಿನ ಬಾವಿಗೆ ತಪ್ಪದೆ ಬೀಳುತ್ತಿತ್ತು. ನಾನು ತಪ್ಪದೆ ಗೆಲ್ಲುತ್ತಿದ್ದೆ. ಕೊನೆಗೆ ಕಣ್ಣಿನ ಪೊರೆ ಬಲಿತು, ಒಬ್ಬಳೇ ಬಸ್ಸು ಹತ್ತಲಾರದೆ ಬರುವುದನ್ನೇ ಬಿಟ್ಟಳು. ಒಬ್ಬಳೇ ಆಡಿ ನೋಡಿದೆ. ಸೋಲುವವರಿಲ್ಲದ ಮನೆಯಲ್ಲಿ ಗೆದ್ದು ಏನು ಸುಖ?

ಮೊನ್ನೆ ಅವಳ ಫೋನು. “ಆಪ್ರೇಸನ್ ಆಯ್ತು ಅತ್ತಿಗೆ, ಕಣ್ಣು ಬಂತು ಕಣ್ರೀ! ಬೆಕ್ಕು ಅದಾ, ಸತ್ತೋಯ್ತಾ?”

“ಇದೆ, ಬಾ,” ಎಂದುಬಿಟ್ಟೆ. ಆಮೇಲೆ ಹಾಕಿ ನೋಡಿದರೆ ಟಿವಿ ತುಂಬ ಬರೀ ಮರಳು. ಕಾರಣ ನನ್ನ ಭಕ್ತಿ. ಆಯುಧಪೂಜೆಯಲ್ಲಿ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಇಡುವಾಗ ಕ್ಯಾಸೆಟ್ಟನ್ನು ಬಿಡುವುದು ಹೇಗೆ? ಕೆಲಸ ಮಾಡುವ ಭಾಗಕ್ಕೇ ಸಲ್ಲಲೆಂದು ವರ್ಷವರ್ಷವೂ ಅದರ ಬಾಯಿಯೊಳಗೆ, ತಾಮ್ರದ ಹಲ್ಲುಗಳಿಗೇ ಇಟ್ಟಿದ್ದೆ. ಹತ್ತಿ, ಸ್ಪಿರಿಟ್ ಹಿಡಿದು ತಿಕ್ಕಿದೆ. ಹತ್ತಿ ಕೆಂಪಾಯಿತು, ಬೆಕ್ಕು ಏಳಲಿಲ್ಲ. ಬೆಕ್ಕಿಲ್ಲವೆಂದರೆ ಜಯಮ್ಮ ಕಾಫಿ ಕುಡಿದು ಹೊರಟುಬಿಡುತ್ತಾಳೆ, ಇನ್ನು ಯಾವಾಗಲೋ ಎಂದು ಜೀವ ಹಿಡಿಯಾಯಿತು.

ಬಂದವಳು ನನ್ನ ‘ಸಾರಿ’ ಪೂರ್ತಿ ಕೇಳಲೇ ಇಲ್ಲ. ಕ್ಯಾಸೆಟ್ಟನ್ನು ಕಿತ್ತುಕೊಂಡು ಉಫ್ ಎಂದು ಊದಿದಳು, ಸೆರಗಲ್ಲಿ ಒರೆಸಿದಳು, ಮತ್ತೆ ಊದಿ ಒಳಗೆ ತುರುಕಿದಳು. ಬೆಕ್ಕು ಎದ್ದಿತು! ಮುಖ ಕುಂಕುಮದ ಬಣ್ಣಕ್ಕೆ ತಿರುಗಿತ್ತು, ಅಷ್ಟೆ.

“ಒಂದೇ ಆಟ ಅತ್ತಿಗೆ. ಐದ್ರ ಬಸ್ಸಿಗೆ ಓಗ್ಬೇಕು.”

ನನ್ನ ಬೆಕ್ಕು ಬಿಂಕ ತೋರಿಸಲು ಹೋಗಿ ಬೇಗನೆ ಸತ್ತಿತು. ಅವಳ ಸರದಿ. ಬಾವಿ ಬಂತು, ದಾಟಿದಳು.

“ಅಂಚು ಕಾಣ್ತದೆ ಅತ್ತಿಗೆ! ಇಲ್ಲೀಗಂಟ ಎಲ್ಲಿ ಕಾಲಿಡ್ತಿದ್ದೀನಿ ಅಂತಾನೇ ಗೊತ್ತಾಗ್ತಿರ್ನಿಲ್ಲ.”

ಇಷ್ಟು ವರ್ಷ ನಾನು ಸೋಲಿಸಿದ್ದು ಒಂದು ಜೊತೆ ಕಣ್ಣನ್ನು ಎಂದಾಯಿತು. ನಾನು ಜನ್ಮದಲ್ಲಿ ಕಾಣದ ಹಿಮ, ಹಡಗು, ಕೋಟೆ ಎಲ್ಲ ಬಂದವು. ನನ್ನ ಸರದಿ ಮಾತ್ರ ಬರಲಿಲ್ಲ. ಅವಳು ಬರಲೆಂದು ಹಂಬಲಿಸಿದ್ದ ನಾನೇ “ನಂಜುಂಡಪ್ಪಾ, ಕರೆಂಟ್ ತೆಗಿ” ಎಂದು ಒಳಗೊಳಗೇ ಬೇಡಿಕೊಂಡೆ. ಸ್ವಾಮಿ ತಡಮಾಡಲಿಲ್ಲ.

“ಅಯ್ಯೋ, ಬೆಕ್ಕು ಕೋಟೆ ದಾಟಿ ಮನೆ ಸೇರೋ ಒತ್ನಲ್ಲಿ! ಕರೆಂಟ್ ಬಂದ್ಮೇಲೆ ಇಲ್ಲಿಂದ್ಲೇ ಆಡ್ಬೋದಾ?”

“ಇಲ್ಲ, ಮೊದಲಿಂದ. ಒರಿಜಿನಲ್ ಆಗಿದ್ದರೆ…”

“ಗೊತ್ತು ಬುಡಿ, ಡೂಪ್ಲಿಕೇಟು.” ಬ್ಯಾಗನ್ನು ಮಂಚದ ಕೆಳಗೆ ತಳ್ಳಿದಳು. “ಇದನ್ನ ಮನೆ ಸೇರಿಸ್ಬುಟ್ಟೇ ನಾನು ಊರ್ಗೆ ಓಗೋದು. ರಾತ್ರಿಗೆ ಏನ್ ಸಾರು?”

ಜಯಮ್ಮ ಇನ್ನೂ ಇಲ್ಲೇ ಇದ್ದಾಳೆ. ಬೆಕ್ಕು ಕೋಟೆಯ ಬಾಗಿಲಿಗೆ ಬಂದಾಗಲೆಲ್ಲ ನಮ್ಮ ಮನೆಯ ಕರೆಂಟ್ ಯಾಕೋ ಹೋಗುತ್ತಿದೆ. ಮೇನ್ ಸ್ವಿಚ್ ಇರುವುದು ಅಡುಗೆಮನೆಯಲ್ಲಿ, ನಾನು ಕಾಫಿಗೆ ಹಾಲಿಡುವ ಒಲೆಯ ಪಕ್ಕದಲ್ಲೇ ಎಂಬುದನ್ನು ಪ್ಲೀಸ್, ಅವಳಿಗೆ ಹೇಳಬೇಡಿ.